ಮನೆಯ ಬೆಕ್ಕಿಗೆ ಹೊಸ ಬೆಕ್ಕಿನ ಪರಿಚಯ: ಮೊದಲು ಮೂಗು, ಆಮೇಲೆ ಕಣ್ಣು

ಮೊದಲು ನಾನು ಮಾಡಿದ ತಪ್ಪನ್ನೇ ಹೇಳಿಬಿಡುತ್ತೇನೆ. ಮಳೆಗಾಲದ ಒಂದು ಸಂಜೆ, ಮೈಸೂರಿನ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಕಾರಿನ ಚಕ್ರದ ಮೇಲೆ ಕೂತು ಅರಚುತ್ತಿದ್ದ ಕೆಂಚು ಮರಿಯೊಂದನ್ನು ಟವೆಲ್‌ನಲ್ಲಿ ಸುತ್ತಿ ಮನೆಗೆ ತಂದೆ. ಒಳಗೆ ನಮ್ಮ ಸುಬ್ಬಿ ಇದ್ದಳು. ನಾಲ್ಕು ವರ್ಷದ ಹೆಣ್ಣು, ಮರಿ ಆಗದ ಹಾಗೆ ಆಪರೇಷನ್ ಆಗಿದೆ, ಅವಳೂ ಬೀದಿಯಿಂದಲೇ ಬಂದವಳು. ನಾನು ಸೀದಾ ಹೋಗಿ ಸೋಫಾ ಮೇಲೆ ಮಲಗಿದ್ದ ಅವಳ ಮುಂದೆ ಮರಿಯನ್ನು ಇಳಿಸಿ, "ನೋಡೇ ಸುಬ್ಬಿ, ತಮ್ಮ ಬಂದಿದಾನೆ" ಅಂದೆ.

ಮೂರು ಸೆಕೆಂಡ್ ಅಷ್ಟೇ. ಮರಿ ಫ್ರಿಜ್ ಹಿಂದೆ, ಸುಬ್ಬಿ ಸಜ್ಜಾ ಮೇಲೆ, ನನ್ನ ಕೈ ಮೇಲೆ ಮೂರು ಉದ್ದ ಗೆರೆ. ಎರಡು ದಿನ ಸುಬ್ಬಿ ಕೆಳಗೆ ಇಳಿಯಲಿಲ್ಲ. ರಾತ್ರಿ ನಾವು ಮಲಗಿದ ಮೇಲೆ ಕಳ್ಳಿಯ ಹಾಗೆ ಬಂದು ನಾಲ್ಕು ತುತ್ತು ತಿಂದು ಹೋಗುತ್ತಿದ್ದಳು. ನನ್ನನ್ನು ನೋಡಿದರೂ ಬುಸ್ ಅನ್ನುತ್ತಿದ್ದಳು, ಯಾಕೆಂದರೆ ನನ್ನ ಮೈಯಲ್ಲೆಲ್ಲ ಆ ಮರಿಯ ವಾಸನೆ. ಆಮೇಲೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿ, ಐದು ವಾರ ಹಿಡಿದು, ಸರಿ ಮಾಡಿಕೊಂಡೆ. ಆ ಐದು ವಾರದಲ್ಲಿ ಕಲಿತದ್ದನ್ನೂ, ನಂತರ ಇಬ್ಬರು ಗೆಳತಿಯರ ಮನೆಯಲ್ಲಿ ಮಾಡಿ ನೋಡಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಬೆಕ್ಕಿಗೆ ಯಾಕೆ ಇಷ್ಟು ಸಿಟ್ಟು

ಮನೆಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು. ಅದು ಒಂಟಿ ಬೇಟೆಗಾರ. ಒಂದು ಇಲಿ ಒಂದೇ ಹೊಟ್ಟೆಗೆ ಸಾಕು, ಹಾಗಾಗಿ ಜೊತೆಗಾರ ಅಂದರೆ ಪಾಲು ಕೇಳುವವನು. ನಾಯಿಗೆ ಗುಂಪು ಬೇಕು, ಬೆಕ್ಕಿಗೆ ಜಾಗ ಬೇಕು. ಬೆಕ್ಕು ಗುಂಪಾಗಿ ಬದುಕುವುದೇ ಇಲ್ಲ ಅಂತಲ್ಲ. ಮೀನು ಮಾರ್ಕೆಟ್ ಹತ್ತಿರ ನೋಡಿ, ಹತ್ತು ಹದಿನೈದು ಒಟ್ಟಿಗೆ ಇರುತ್ತವೆ. ಆದರೆ ಅವು ಹೆಚ್ಚಾಗಿ ತಾಯಿ, ಮಗಳು, ಚಿಕ್ಕಮ್ಮ. ಹೊರಗಿನಿಂದ ಬಂದ ಬೆಕ್ಕನ್ನು ಅಲ್ಲಿಯೂ ಸುಮ್ನೆ ಸೇರಿಸಿಕೊಳ್ಳುವುದಿಲ್ಲ. ಅದು ದೂರದಲ್ಲಿ ಕೂತು, ವಾರಗಟ್ಟಲೆ ಸುಳಿದಾಡಿ, ನಿಧಾನವಾಗಿ ಒಳಗೆ ಬರುತ್ತದೆ.

ಇನ್ನೊಂದು ವಿಷಯ, ಬೆಕ್ಕು ಮನೆಯನ್ನು ಗುರುತಿಸುವುದು ಮೂಗಿನಿಂದ. ಕೆನ್ನೆ, ಗದ್ದ, ಹಣೆ, ಪಾದದ ಅಡಿ, ಬಾಲದ ಬುಡ, ಎಲ್ಲ ಕಡೆ ವಾಸನೆಯ ಗ್ರಂಥಿಗಳಿವೆ. ಬಾಗಿಲ ಅಂಚಿಗೆ, ಕುರ್ಚಿ ಕಾಲಿಗೆ, ನಿಮ್ಮ ಮೊಣಕಾಲಿಗೆ ಅದು ಕೆನ್ನೆ ಉಜ್ಜುತ್ತದಲ್ಲ, ಅದು ಬರೀ ಪ್ರೀತಿ ಅಲ್ಲ, "ಇದು ನನ್ನದು" ಅಂತ ಸೀಲ್ ಹಾಕುವುದು. ಅಂಥ ಮನೆಗೆ ಪರಿಚಯವಿಲ್ಲದ ವಾಸನೆಯೊಂದು ನಾಲ್ಕು ಕಾಲಿನ ಮೇಲೆ ನಡೆದು ಬಂದರೆ ಅದಕ್ಕೆ ಕಾಣುವುದು ತಮ್ಮ ಅಲ್ಲ, ಸವತಿ.

ಅದಕ್ಕೇ ಕ್ರಮ ಹೀಗಿರಬೇಕು: ಮೊದಲು ವಾಸನೆ, ಆಮೇಲೆ ಸದ್ದು, ಆಮೇಲೆ ನೋಟ, ಕಡೆಗೆ ಮುಟ್ಟುವ ದೂರ. ಎಷ್ಟು ದಿನ ಅಂತ ಕೇಳಬೇಡಿ. ಮರಿಯಾದರೆ, ಪೂರ್ತಿ ಬೇರೆ ಇಡುವ ಮೊದಲ ಎರಡು ವಾರ ಬಿಟ್ಟು, ಇನ್ನೆರಡು ಮೂರು ವಾರಕ್ಕೆ ಆಗಬಹುದು, ಎರಡೂ ದೊಡ್ಡ ಬೆಕ್ಕಾದರೆ ಎರಡು ಮೂರು ತಿಂಗಳೂ ಹಿಡಿಯಬಹುದು. ವೇಗ ನಿರ್ಧರಿಸುವುದು ನೀವಲ್ಲ, ಇಬ್ಬರಲ್ಲಿ ಯಾರು ಜಾಸ್ತಿ ಹೆದರಿದ್ದಾರೋ ಅವರು.

ತರುವ ಮುಂಚೆ

ಮೊದಲಿಗೆ, ನಿಮ್ಮ ಬೆಕ್ಕಿಗೆ ಜೊತೆ ಬೇಕಾ? "ಒಂಟಿಯಾಗಿದೆ ಪಾಪ" ಅಂತ ನಮಗೆ ಅನ್ನಿಸುವುದು ಬೇರೆ. 12 ವರ್ಷದ, ಮಂಡಿ ನೋವಿರುವ, ದಿನವಿಡೀ ಕಿಟಕಿ ಬಿಸಿಲಲ್ಲಿ ಮಲಗುವ ಬೆಕ್ಕಿಗೆ ಮೂರು ತಿಂಗಳ ಮರಿ ತಂದುಕೊಟ್ಟರೆ ಅದು ಉಡುಗೊರೆಯಲ್ಲ, ಶಿಕ್ಷೆ. ಅಂಥ ಮನೆಗೆ ಬೇಕೇ ಬೇಕಾದರೆ ಶಾಂತ ಸ್ವಭಾವದ ದೊಡ್ಡ ಬೆಕ್ಕು ನೋಡಿ. ಅಥವಾ ಎರಡು ಮರಿ ಒಟ್ಟಿಗೆ ತನ್ನಿ, ಅವು ಒಂದಕ್ಕೊಂದು ಕಚ್ಚಾಡಿಕೊಂಡು ಅಜ್ಜಿಯನ್ನು ಬಿಟ್ಟುಬಿಡುತ್ತವೆ. ಖರ್ಚು ಡಬಲ್ ಆಗುತ್ತದೆ ಅನ್ನುವುದು ನಿಜ.

ಮನೆಯ ಬೆಕ್ಕಿಗೆ ಆಪರೇಷನ್ ಆಗಿಲ್ಲದಿದ್ದರೆ ಅದನ್ನು ಮೊದಲು ಮಾಡಿಸಿ. ಇದರಲ್ಲಿ ಎರಡು ಮಾತಿಲ್ಲ. ಆಪರೇಷನ್ ಆಗದ ಗಂಡು ಇರುವ ಮನೆಯಲ್ಲಿ ನಾನು ಹೇಳುವ ಯಾವ ಉಪಾಯವೂ ನಿಲ್ಲುವುದಿಲ್ಲ. ಗಂಡಿಗೆ ಆಪರೇಷನ್ ಆದ ಮೇಲೂ ಕೆಲವು ವಾರ ಮರಿ ಹುಟ್ಟಿಸುವ ಶಕ್ತಿ ಉಳಿದಿರುತ್ತದೆ. ಆದ್ದರಿಂದ ಆಪರೇಷನ್ ಆಗದ ಹೆಣ್ಣಿನ ಜೊತೆ ತಕ್ಷಣ ಬಿಡಬೇಡಿ.

ಸಮಯ ನೋಡಿಕೊಳ್ಳಿ. ದೀಪಾವಳಿ ವಾರದಲ್ಲಿ ಬೇಡ. ಪಟಾಕಿ ಸದ್ದಿಗೆ ಹೆದರಿದ ಬೆಕ್ಕು ಆ ಹೆದರಿಕೆಯನ್ನೆಲ್ಲ ಹೊಸ ಬೆಕ್ಕಿನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಮನೆಗೆ ಪೇಂಟಿಂಗ್, ನೆಂಟರು, ಬಾಡಿಗೆ ಮನೆ ಬದಲಾವಣೆ ಇದ್ದರೂ ಮುಂದೂಡಿ.

ಇನ್ನೊಂದು ಚಿಕ್ಕ ಕೆಲಸ. ಬಟ್ಟಲಿನಲ್ಲಿ ದಿನವಿಡೀ ಒಣ ಆಹಾರ ತುಂಬಿಡುವ ಅಭ್ಯಾಸ ಇದ್ದರೆ ಈಗಲೇ ನಿಲ್ಲಿಸಿ, ಹೊತ್ತಿಗೆ ಸರಿಯಾಗಿ ಕೊಡಲು ಶುರು ಮಾಡಿ. ಹಸಿವಿಲ್ಲದ ಬೆಕ್ಕಿನ ಜೊತೆ ನಾಲ್ಕನೇ ಹೆಜ್ಜೆ ನಡೆಯುವುದೇ ಇಲ್ಲ. ಯಾಕೆ ಅಂತ ಅಲ್ಲಿಗೆ ಬಂದಾಗ ಗೊತ್ತಾಗುತ್ತದೆ.

ಹೆಜ್ಜೆ 1: ಮನೆಗಿಂತ ಮೊದಲು ವೆಟ್ (ಪಶುವೈದ್ಯರ) ಹತ್ತಿರ

ಬೀದಿಯ ಮರಿಯಾದರೆ ಇದನ್ನು ತಪ್ಪಿಸಲೇಬೇಡಿ. ಚಿಗಟ, ಕಿವಿಯ ಹುಳ, ಹೊಟ್ಟೆಹುಳ, ಹುಳುಕಡ್ಡಿ, ಇವೆಲ್ಲ ಕಿರಿಕಿರಿ ಅಷ್ಟೇ, ಔಷಧಿ ಇದೆ. (ಹುಳುಕಡ್ಡಿ ನಿಮಗೂ ಅಂಟುತ್ತದೆ, ಅದು ಬೇರೆ ಮಾತು.) ಹೆದರಬೇಕಾದದ್ದು ಪ್ಯಾನ್‌ಲ್ಯುಕೋಪೀನಿಯಾಗೆ, ನಮ್ಮಲ್ಲಿ ಬೆಕ್ಕಿನ ಪಾರ್ವೋ ಅಂತಲೂ ಹೇಳುತ್ತಾರೆ. ವಾಂತಿ, ಭೇದಿ, ಜ್ವರ ಬಂದು ಮರಿ ಒಂದೆರಡು ದಿನದಲ್ಲೇ ಹೋಗಿಬಿಡಬಹುದು. ಇದರ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಉಳಿಯಬಲ್ಲದು. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು 2ರಿಂದ 10 ದಿನ ಬೇಕು, ಅಂದರೆ ಇವತ್ತು ಚೂಟಿಯಾಗಿರುವ ಮರಿ ಮುಂದಿನ ವಾರವೂ ಹಾಗೇ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಆದ್ದರಿಂದ ಎರಡು ವಾರ ಪೂರ್ತಿ ಬೇರೆ ಇಡಿ. ಮನೆಯ ಬೆಕ್ಕಿನ ಟ್ರೈಕ್ಯಾಟ್ (ಈ ಕಾಯಿಲೆಯೂ ಸೇರಿ ಮೂರು ಕಾಯಿಲೆಗೆ ಒಂದೇ ಲಸಿಕೆ) ಮತ್ತು ರೇಬೀಸ್ ಲಸಿಕೆ ಬಾಕಿ ಇದ್ದರೆ ಹೊಸಬ ಬರುವ ಮುಂಚೆಯೇ ಹಾಕಿಸಿ. ಮರಿಗೆ 6ರಿಂದ 8 ವಾರಕ್ಕೆ ಮೊದಲ ಟ್ರೈಕ್ಯಾಟ್, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ 16 ವಾರ ಆಗುವವರೆಗೆ, ರೇಬೀಸ್ 12 ವಾರದ ನಂತರ. ದೊಡ್ಡ ಬೆಕ್ಕಾದರೆ ಎಫ್‌ಐವಿ ಮತ್ತು ಎಫ್‌ಇಎಲ್‌ವಿ (ಎರಡೂ ಬೆಕ್ಕಿನಿಂದ ಬೆಕ್ಕಿಗೆ ಹರಡುವ ವೈರಸ್) ರಕ್ತಪರೀಕ್ಷೆಯನ್ನೂ ಕೇಳಿ. ಒಂದು ಹನಿ ರಕ್ತದಲ್ಲಿ, ಕೂತಲ್ಲೇ ಕೆಲವು ನಿಮಿಷದಲ್ಲಿ ಗೊತ್ತಾಗುವ ಕಿಟ್ ಇದೆ.

ಮನೆ ಒರೆಸುವ ವಿಷಯ. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಫಿನಾಯಿಲ್ ಇರುತ್ತದೆ ಅಲ್ವಾ, ಅದನ್ನು ಮರೆತುಬಿಡಿ. ಫೀನಾಲ್ ಇರುವ ದ್ರವಗಳು ಬೆಕ್ಕಿಗೆ ವಿಷ. ಅದರ ಯಕೃತ್ತಿಗೆ ಅವನ್ನು ಅರಗಿಸಿ ಹೊರಹಾಕುವ ಶಕ್ತಿ ತೀರ ಕಡಿಮೆ, ನೆಲದ ಮೇಲಿದ್ದದ್ದು ಪಾದಕ್ಕೆ ಅಂಟಿ, ಪಾದ ನೆಕ್ಕಿದಾಗ ಹೊಟ್ಟೆಗೆ ಹೋಗುತ್ತದೆ. ಬದಲಿಗೆ ಒಂದು ಲೀಟರ್ ನೀರಿಗೆ ಸುಮಾರು 30 ಮಿ.ಲೀ. ಬಟ್ಟೆಯ ಬ್ಲೀಚ್ ಬೆರೆಸಿ, ಒರೆಸಿ, 10 ನಿಮಿಷ ಬಿಟ್ಟು, ಬರೀ ನೀರಿನಲ್ಲಿ ಮತ್ತೆ ಒರೆಸಿ ಒಣಗಿಸಿ. ಪ್ಯಾನ್‌ಲ್ಯುಕೋಪೀನಿಯಾ ವೈರಸ್ಸಿಗೂ ಇದೇ ಮದ್ದು. ಒಣಗುವವರೆಗೆ ಬೆಕ್ಕು ಒಳಗೆ ಬರಬಾರದು.

ಹೆಜ್ಜೆ 2: ಹೊಸಬನಿಗೆ ಒಂದು ಕೋಣೆ

ಬಾಗಿಲು ಭದ್ರವಾಗಿ ಹಾಕಲು ಬರುವ ಒಂದು ಕೋಣೆ. ಅದರಲ್ಲಿ ಲಿಟರ್ ಟ್ರೇ (ಬೆಕ್ಕಿನ ಕಕ್ಕಸಿಗೆ ಲಿಟರ್ ಅನ್ನುವ ಪುಡಿ ತುಂಬಿದ ತಟ್ಟೆ), ಅದರಿಂದ ದೂರದ ಮೂಲೆಯಲ್ಲಿ ಊಟ ಮತ್ತು ನೀರು, ಅಡಗಲು ಒಂದು ರಟ್ಟಿನ ಪೆಟ್ಟಿಗೆ, ಉಗುರು ಕೆರೆಯಲು ಗೋಣಿಚೀಲ. ಗೋಣಿಚೀಲವನ್ನು ಮಂಚದ ಕಾಲಿಗೆ ಬಿಗಿಯಾಗಿ ಸುತ್ತಿ ದಾರ ಕಟ್ಟಿದರೆ ಸಾಕು, ಸಾವಿರಾರು ರೂಪಾಯಿಯ ಕಂಬ ಬೇಕಿಲ್ಲ. ತೀರ ಚಿಕ್ಕ ಮರಿಯಾದರೆ ನೀರು ಬಿದ್ದರೆ ಗಟ್ಟಿಯಾಗುವ ಲಿಟರ್ ಬೇಡ, ಅವು ತಿಂದುಬಿಡುತ್ತವೆ. ಮರದ ಪುಡಿಯ ಉಂಡೆ ಅಥವಾ ತೆಂಗಿನ ನಾರಿನ ಪುಡಿ ಆಗುತ್ತದೆ.

ಯಾವ ಕೋಣೆ? ಹಳೆ ಬೆಕ್ಕು ದಿನವೂ ಮಲಗುವ ಕೋಣೆಯನ್ನು ಮಾತ್ರ ಕೊಡಬೇಡಿ. ಅದರ ಕೋಣೆ ಕಿತ್ತುಕೊಂಡು ಹೊಸಬನಿಗೆ ಕೊಟ್ಟರೆ ಜಗಳ ಮೊದಲ ದಿನವೇ ಶುರು. ಒಂದೇ ಬೆಡ್‌ರೂಮಿನ ಮನೆಯಾದರೆ ಬಾತ್‌ರೂಮ್ ನಡೆಯುತ್ತದೆ, ಬಕೆಟ್ಟಿನ ನೀರು ಖಾಲಿ ಮಾಡಿ, ಕಮೋಡ್ ಮುಚ್ಚಿ. ಬಾಲ್ಕನಿಗೆ ಪಾರಿವಾಳದ ಬಲೆ ಹಾಕಿದ್ದರೂ ಬೇಡ, ಮಳೆ ಬಿಸಿಲು ಒಂದು ಕಡೆ, ಮರಿಗಳು ಬಲೆಯ ಸಂದಿಯಲ್ಲಿ ನುಸುಳುವುದು ಇನ್ನೊಂದು ಕಡೆ.

ಮರಿಯನ್ನು ಬೆಕ್ಕು ಒಯ್ಯುವ ಕ್ಯಾರಿಯರ್‌ನಲ್ಲೇ, ಮೇಲೆ ಬಟ್ಟೆ ಮುಚ್ಚಿ, ಸೀದಾ ಆ ಕೋಣೆಗೆ ಒಯ್ಯಿರಿ. ಹಾಲ್‌ನಲ್ಲಿ ನಿಂತು ಎಲ್ಲರಿಗೂ ತೋರಿಸುವ ಸಂಭ್ರಮ ಬೇಡ. ಬಾಗಿಲು ಹಾಕಿ, ಕ್ಯಾರಿಯರ್ ತೆರೆದು, ನೀವು ನೆಲದ ಮೇಲೆ ಕೂತು ಮೊಬೈಲ್ ನೋಡಿ. ಅದು ಬರುವಾಗ ಬರುತ್ತದೆ. ಆ ಕೋಣೆಯಿಂದ ಹೊರಬಂದ ಮೇಲೆ ಕೈ ಕಾಲು ತೊಳೆದು, ಅಂಗಿ ಬದಲಿಸಿಯೇ ಹಳೆ ಬೆಕ್ಕನ್ನು ಮುಟ್ಟಿ. ಒಂದು ಹಳೆ ನೈಟಿಯನ್ನು ನಾನು ಆ ಕೋಣೆಯ ಗೂಟಕ್ಕೇ ನೇತುಹಾಕಿದ್ದೆ. ಬಿಸಿ ನೀರು, ಬೇರೆ ಬಟ್ಟೆ, ಮುಚ್ಚಿದ ಬಾಗಿಲು, ಹೊತ್ತು ಹೊತ್ತಿಗೆ ಊಟ, ಇದನ್ನೆಲ್ಲ ನೋಡಿ ಊರಿಂದ ಬಂದಿದ್ದ ಅಮ್ಮ, "ಏನೇ ಇದು, ಕೊತ್ತಿಗೂ ಬಾಣಂತನ ಮಾಡ್ತಿದೀಯಲ್ಲೇ" ಅಂದರು. ಹೌದು, ಲೆಕ್ಕ ಅದೇ.

ಈ ದಿನಗಳಲ್ಲಿ ಹಳೆ ಬೆಕ್ಕಿನ ದಿನಚರಿ ಒಂದಿಷ್ಟೂ ಅಲುಗಾಡಬಾರದು. ಅದೇ ಹೊತ್ತಿಗೆ ಊಟ, ಅದೇ ಜಾಗ, ರಾತ್ರಿ ಕಾಲ ಹತ್ತಿರ ಮಲಗುತ್ತಿದ್ದರೆ ಅದೂ ಹಾಗೇ. ಹೊಸ ಮರಿಯ ಮೋಹದಲ್ಲಿ ನಾವು ಮರೆಯುವುದೇ ಇದನ್ನು.

ಹೆಜ್ಜೆ 3: ವಾಸನೆಯ ವ್ಯವಹಾರ

ಎರಡು ವಾರ ಮುಗಿದು, ವೆಟ್ ಆರೋಗ್ಯ ಸರಿಯಿದೆ ಅಂದ ಮೇಲೆ, ಇದನ್ನು ಶುರು ಮಾಡಿ. ಒಂದು ಶುಭ್ರವಾದ ಕಾಲುಚೀಲ ಅಥವಾ ಹಳೆ ಬನಿಯನ್ ಚೂರು ತೆಗೆದುಕೊಂಡು ಹೊಸಬನ ಕೆನ್ನೆ, ಗದ್ದಕ್ಕೆ ನಿಧಾನವಾಗಿ ಉಜ್ಜಿ. ಹಿಂಭಾಗಕ್ಕಲ್ಲ, ಕೆನ್ನೆಗೆ. ಕೆನ್ನೆಯ ವಾಸನೆ ಅಂದರೆ ನೆಮ್ಮದಿಯ ವಾಸನೆ. ಅದನ್ನು ತಂದು ಹಳೆ ಬೆಕ್ಕಿನ ಮೂಗಿಗೆ ಹಿಡಿಯಬೇಡಿ. ಅದು ಓಡಾಡುವ ದಾರಿಯಲ್ಲಿ ನೆಲದ ಮೇಲೆ ಬಿಟ್ಟು ಸುಮ್ನೆ ನಿಮ್ಮ ಕೆಲಸ ನೋಡಿಕೊಳ್ಳಿ.

ಅದು ಬಂದು ಮೂಸುತ್ತದೆ. ಒಮ್ಮೊಮ್ಮೆ ಬಾಯಿ ಅರ್ಧ ತೆರೆದು, ಏನೋ ಹೊಲಸು ಕಂಡ ಮುಖ ಮಾಡಿ ನಿಲ್ಲುತ್ತದೆ. ಅಸಹ್ಯ ಅಂತಲ್ಲ, ಬಾಯಿಯ ಅಂಗುಳಿನ ಮೇಲಿರುವ ಇನ್ನೊಂದು ವಾಸನೆಯ ಅಂಗಕ್ಕೆ ಗಾಳಿ ಎಳೆದುಕೊಳ್ಳುತ್ತಿದೆ. ಬುಸ್ ಅಂದರೂ ಬೇಸರ ಬೇಡ. ಬಟ್ಟೆಯ ಪಕ್ಕದಲ್ಲಿ, ಒಂದು ಗೇಣು ದೂರದಲ್ಲಿ, ಅದಕ್ಕೆ ತುಂಬಾ ಇಷ್ಟವಾದ ತಿಂಡಿ ಇಡಿ. ಸುಬ್ಬಿಗೆ ಉಪ್ಪು, ಈರುಳ್ಳಿ ಇಲ್ಲದೆ ಬೇಯಿಸಿದ ಕೋಳಿ ಎದೆ ಮಾಂಸ. ಮಂಗಳೂರಿನ ಗೆಳತಿಯ ಮನೆಯಲ್ಲಿ ಬೇಯಿಸಿದ ಬೂತಾಯಿ ಮೀನು ಕೆಲಸ ಮಾಡಿತು. ಟ್ಯೂಬಿನಿಂದ ನೆಕ್ಕಿಸುವ ಕ್ರೀಮ್ ತಿಂಡಿಗಳೂ ಸಿಗುತ್ತವೆ. ಹಾಲು ಬೇಡ, ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗುವುದಿಲ್ಲ, ಈ ಹೊತ್ತಿನಲ್ಲಿ ಭೇದಿಯೊಂದು ಕಡಿಮೆ ಇತ್ತು ಅನ್ನುವ ಹಾಗಾಗುತ್ತದೆ.

ಹಳೆಯದರ ವಾಸನೆಯನ್ನೂ ಇದೇ ರೀತಿ ಹೊಸಬನಿಗೆ ಕೊಡಿ. ಎರಡು ಮೂರು ದಿನ ಕಳೆದ ಮೇಲೆ ಒಂದೇ ಬಟ್ಟೆಯನ್ನು ಇಬ್ಬರ ಕೆನ್ನೆಗೂ ಉಜ್ಜಿ. ಆಮೇಲೆ ಜಾಗ ಬದಲಾವಣೆ: ಹಳೆ ಬೆಕ್ಕನ್ನು ಬೇರೆ ಕೋಣೆಯಲ್ಲಿ ಮುಚ್ಚಿ, ಹೊಸಬನಿಗೆ ಅರ್ಧ ಗಂಟೆ ಮನೆ ಸುತ್ತಾಡಲು ಬಿಡಿ, ಅಷ್ಟು ಹೊತ್ತು ಹಳೆಯದು ಹೊಸಬನ ಕೋಣೆಯ ಮೂಲೆ ಮೂಲೆ ಮೂಸಲಿ. ಇಬ್ಬರೂ ದಾರಿಯಲ್ಲಿ ಎದುರಾಗಬಾರದು, ಅದಕ್ಕೆ ಮನೆಯಲ್ಲಿ ಇನ್ನೊಬ್ಬರ ಸಹಾಯ ತೆಗೆದುಕೊಳ್ಳಿ.

ಬಟ್ಟೆಯ ಮೇಲೆ ಹಳೆ ಬೆಕ್ಕು ಮಲಗಿದರೆ, ಕೆನ್ನೆ ಉಜ್ಜಿದರೆ, ಅಥವಾ ಒಮ್ಮೆ ಮೂಸಿ "ಅದೇ ತಾನೇ" ಅನ್ನುವ ಹಾಗೆ ದಾಟಿ ಹೋದರೆ ಮುಂದಿನ ಹೆಜ್ಜೆಗೆ ತಯಾರು. ಪ್ಲಗ್‌ಗೆ ಹಾಕುವ ಫೆಲಿವೇ ಅಂತ ಒಂದು ಬರುತ್ತದೆ, ಬೆಕ್ಕಿನ ನೆಮ್ಮದಿಯ ವಾಸನೆಯ ನಕಲು. ಕೆಲವು ಬೆಕ್ಕಿಗೆ ಉಪಯೋಗ ಆಗುತ್ತದೆ, ಕೆಲವಕ್ಕೆ ಏನೂ ಆಗುವುದಿಲ್ಲ. ನಾನು ಆ ದುಡ್ಡಿಗೆ ಕೋಳಿ ತಂದೆ.

ಹೆಜ್ಜೆ 4: ಬಾಗಿಲ ಆಚೆ ಈಚೆ ಊಟ

ಈ ಹೆಜ್ಜೆ ಗಟ್ಟಿಯಾದರೆ ಮುಂದಿನದು ಅರ್ಧ ಸುಲಭ. ಮುಚ್ಚಿದ ಬಾಗಿಲಿನ ಎರಡೂ ಕಡೆ ಒಂದೇ ಹೊತ್ತಿಗೆ ಊಟ ಕೊಡಬೇಕು. ಮೊದಲ ದಿನ ಬಾಗಿಲಿಗೆ ತಾಗಿಸಿ ಇಡಬೇಡಿ, ಆರೇಳು ಅಡಿ ದೂರದಲ್ಲಿಡಿ. ಇಬ್ಬರೂ ಬಟ್ಟಲು ಖಾಲಿ ಮಾಡಿದರೆ ಮುಂದಿನ ಊಟಕ್ಕೆ ಅರ್ಧ ಅಡಿ ಹತ್ತಿರ. ಹೀಗೆ ಬಾಗಿಲ ಸಂದಿಯವರೆಗೆ. ಆಚೆ ಕಡೆಯ ವಾಸನೆ ಬಂದರೆ ಕೋಳಿ ಬರುತ್ತದೆ ಅನ್ನುವುದು ಅದರ ತಲೆಯಲ್ಲಿ ಕೂತರೆ ನಿಮ್ಮ ಕೆಲಸ ಆಯಿತು.

ಊಟವೇ ಇಲ್ಲಿ ಥರ್ಮಾಮೀಟರ್. ಬಾಲ, ಕಿವಿ ನೋಡಿ ನಮಗೆ ತಪ್ಪಾಗಬಹುದು, ಬಟ್ಟಲು ನೋಡಿ ಆಗುವುದಿಲ್ಲ. ನೆಮ್ಮದಿಯಾಗಿ ತಿನ್ನುತ್ತಿದೆಯೇ, ಮುಂದುವರಿಯಿರಿ. ತಿನ್ನುತ್ತ ತಿನ್ನುತ್ತ ತಲೆ ಎತ್ತಿ ಬಾಗಿಲನ್ನೇ ನೋಡುತ್ತಿದೆಯೇ, ಎರಡು ದಿನ ಅಲ್ಲೇ ಇರಿ. ಬಟ್ಟಲು ಬಿಟ್ಟು ಹೋಯಿತೇ, ಎರಡು ಅಡಿ ಹಿಂದಕ್ಕೆ. ಹಿಂದೆ ಸರಿದರೆ ಸೋಲು ಅಂತಲ್ಲ, ನಾವು ಮೂರು ಸಲ ಸರಿದಿದ್ದೇವೆ. ಮರಿ ಅಲ್ಲಿ ಬಟ್ಟಲು ಉರುಳಿಸಿ ಸದ್ದು ಮಾಡಿದ್ದಕ್ಕೇ ಸುಬ್ಬಿ ಒಂದು ಇಡೀ ದಿನ ಮುನಿಸಿಕೊಂಡಿದ್ದಳು.

ಹಠಕ್ಕೆ ಬಿದ್ದು ಉಪವಾಸ ಕೆಡವಬೇಡಿ ಮತ್ತೆ. "ಹಸಿವಾದರೆ ತಾನೇ ತಿನ್ನುತ್ತೆ ಬಿಡು" ಅನ್ನುವ ಮಾತು ಬೆಕ್ಕಿಗೆ ನಡೆಯುವುದಿಲ್ಲ. ದೊಡ್ಡ ಬೆಕ್ಕು, ಅದರಲ್ಲೂ ದಪ್ಪಗಿರುವುದು, ಎರಡು ಮೂರು ದಿನ ಊಟ ಬಿಟ್ಟರೆ ಮೈಯ ಕೊಬ್ಬು ಯಕೃತ್ತಿಗೆ ತುಂಬಿ ಜೀವಕ್ಕೇ ಬರಬಹುದು. ಒಂದು ದಿನ ಏನೂ ಮುಟ್ಟದಿದ್ದರೆ ವೆಟ್‌ಗೆ ಫೋನ್ ಮಾಡಿ. ಮರಿಯಾದರೆ ಅಷ್ಟೂ ಕಾಯಬೇಡಿ.

ಹೆಜ್ಜೆ 5: ಸೊಳ್ಳೆ ಬಾಗಿಲಿನ ಮೂಲಕ ಮೊದಲ ನೋಟ

ಈ ವಿಷಯದಲ್ಲಿ ನಮ್ಮ ಕಡೆಯ ಮನೆಗಳಿಗೆ ಅದೃಷ್ಟ ಇದೆ, ಸೊಳ್ಳೆ ಕಾಟಕ್ಕೆ ಹಾಕಿಸಿದ ಜಾಲರಿ ಬಾಗಿಲು ಬಹಳ ಮನೆಯಲ್ಲಿ ಇರುತ್ತದೆ. ಸ್ಟೀಲ್ ಜಾಲರಿ ಆದರೆ ಒಳ್ಳೆಯದು. ನೈಲಾನ್ ಆದರೆ ಒಂದೇ ಉಗುರಿಗೆ ಹರಿಯುತ್ತದೆ, ಗಿಡಕ್ಕೆ ಕಟ್ಟುವ ಗಟ್ಟಿ ಪ್ಲಾಸ್ಟಿಕ್ ಜಾಲರಿಯನ್ನು ಅದರ ಮೇಲೆ ಬಿಗಿಯಿರಿ. ಜಾಲರಿ ಬಾಗಿಲೇ ಇಲ್ಲದಿದ್ದರೆ ಬಾಗಿಲನ್ನು ಎರಡು ಬೆರಳಷ್ಟು ತೆರೆದು ಎರಡೂ ಕಡೆಯಿಂದ ಭಾರ ಒತ್ತಿ ಇಡಿ, ಮೂತಿ ಕಾಣಬೇಕು, ತಲೆ ತೂರಬಾರದು.

ಮೊದಲು ಜಾಲರಿಗೆ ಹಳೆ ಸೀರೆಯನ್ನು ಪೂರ್ತಿ ಇಳಿಬಿಡಿ. ಊಟ ಇಬ್ಬರಿಗೂ ಮತ್ತೆ ಆರೇಳು ಅಡಿ ದೂರಕ್ಕೆ ಹೋಗಲಿ, ಬಾಗಿಲ ಸಂದಿಯಲ್ಲಿ ತಿನ್ನುತ್ತಿದ್ದರು ಅಂತ ಇಲ್ಲಿಯೂ ಅಲ್ಲಿಂದಲೇ ಶುರು ಮಾಡಬೇಡಿ. ತಿನ್ನುತ್ತಿರುವಾಗ ಸೀರೆಯ ಅಂಚನ್ನು ಒಂದು ಗೇಣು ಎತ್ತಿ. ಕಾಲು ಮಾತ್ರ ಕಾಣಲಿ. ಊಟ ಮುಗಿಯುವ ಮೊದಲೇ ಸೀರೆ ಇಳಿಸಿ. ಮುಗಿದ ಮೇಲೆ ಅಲ್ಲ, ಮೊದಲು. ಹೊಟ್ಟೆ ತುಂಬಿದ ಬೆಕ್ಕಿಗೆ ಜಗಳಕ್ಕೆ ಪುರುಸೊತ್ತು ಸಿಗುತ್ತದೆ. ದಿನಕ್ಕೆ ಎರಡು ಸಲ, ಮೂರು ನಾಲ್ಕು ನಿಮಿಷ. ಒಂದು ವಾರದಲ್ಲಿ ಸೀರೆ ಪೂರ್ತಿ ಮೇಲೆ ಹೋಗಬಹುದು.

ಈಗ ಮೈ ಭಾಷೆ ನೋಡುವ ಕಲೆ ಬೇಕು. ಬುಸ್ ಅನ್ನುವುದನ್ನು ಎಲ್ಲರೂ ಜಗಳ ಅಂತ ತಿಳಿಯುತ್ತಾರೆ. ಅಲ್ಲ, ಅದು "ಹತ್ತಿರ ಬರಬೇಡ" ಅನ್ನುವ ಮಾತು, ಮಾತು ನಡೆಯುತ್ತಿದೆ ಅಂದರೆ ಒಳ್ಳೆಯದೇ. ಒಮ್ಮೆ ಬುಸ್ ಅಂದು ತಿರುಗಿ ಹೋದರೆ ಏನೂ ತೊಂದರೆಯಿಲ್ಲ, ಬೈಯಬೇಡಿ. ನಾನು ಹೆದರುವುದು ಸದ್ದಿಲ್ಲದ ಬೆಕ್ಕಿಗೆ. ಮೈ ಗಟ್ಟಿ ಮಾಡಿ, ತಲೆ ತಗ್ಗಿಸಿ, ಕಣ್ಣು ಮಿಟುಕಿಸದೆ ದಿಟ್ಟಿಸುತ್ತ, ಬಾಲದ ತುದಿ ಮಾತ್ರ ಅಲ್ಲಾಡಿಸುತ್ತಿದ್ದರೆ ಅದು ಹಾರುವ ಮುಂಚಿನ ಕ್ಷಣ. ಆಗ ನಡುವೆ ಒಂದು ರಟ್ಟು ಇಳಿಸಿ ನೋಟ ಕತ್ತರಿಸಿ, ತಿಂಡಿ ತೋರಿಸಿ ಆಚೆ ಕರೆದುಕೊಂಡು ಹೋಗಿ. ಕಿವಿ ಚಪ್ಪಟೆ, ಬಾಲ ಬಾಟಲಿ ಬ್ರಷ್, ಆಳವಾದ ಗುರುಗುಟ್ಟುವಿಕೆ, ಇವೂ ಹಿಂದೆ ಸರಿಯುವ ಸೂಚನೆ. ನೆಟ್ಟಗಿನ ಬಾಲ, ತುದಿಯಲ್ಲಿ ಸಣ್ಣ ಕೊಕ್ಕೆ ಆದರೆ ಸಂತೋಷ. ಕೂತು ಮೈ ನೆಕ್ಕಿಕೊಂಡರೆ, ಬೆನ್ನು ತಿರುಗಿಸಿ ಮಲಗಿದರೆ, ಕಣ್ಣನ್ನು ನಿಧಾನವಾಗಿ ಮುಚ್ಚಿ ತೆರೆದರೆ ನಿಮ್ಮ ಶ್ರಮ ಸಾರ್ಥಕ. ಆ ನಿಧಾನದ ಕಣ್ಣು ಮಿಟುಕು ನಮ್ಮಿಂದ ಬಂದರೂ ಬೆಕ್ಕು ಉತ್ತರ ಕೊಡುತ್ತದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷೆ ಮಾಡಿಯೇ ತೋರಿಸಿದ್ದಾರೆ. ಮನೆಯಲ್ಲಿ ಮಾಡಿ ನೋಡಿ, ಖರ್ಚಿಲ್ಲ.

ಹೆಜ್ಜೆ 6: ಒಂದೇ ಕೋಣೆಯಲ್ಲಿ

ಜಾಲರಿಗೆ ಮೂತಿ ತಾಗಿಸಿ ಮೂರ್ನಾಲ್ಕು ದಿನ ಗಲಾಟೆಯಿಲ್ಲದೆ ಊಟ ಮಾಡಿದರೆ ಬಾಗಿಲು ತೆರೆಯಿರಿ. ಭಾನುವಾರ ಮಧ್ಯಾಹ್ನ ಒಳ್ಳೆಯದು, ಕುಕ್ಕರ್ ಕೂಗಬಾರದು, ಬೆಲ್ ಹೊಡೆಯಬಾರದು. ಕೋಣೆಯಲ್ಲಿ ಇಬ್ಬರಿಗೂ ಓಡಿಹೋಗುವ ದಾರಿ, ಮೇಲೆ ಹತ್ತುವ ಜಾಗ ಇರಲಿ. ಮಂಚದ ಕೆಳಗಿನ ಸಂದಿಗಳನ್ನು ಮಾತ್ರ ಮುಚ್ಚಿ, ಜಗಳ ಅಲ್ಲಿ ಆದರೆ ಬಿಡಿಸಲು ನೀವು ಮಲಗಿಕೊಂಡು ಪೊರಕೆ ತೂರಿಸಬೇಕಾಗುತ್ತದೆ. ದೊಡ್ಡ ರಟ್ಟಿನ ತುಂಡು ಕೈಯಳತೆಯಲ್ಲಿರಲಿ.

ಎತ್ತಿಕೊಂಡು ಎದುರುಬದುರು ಹಿಡಿಯುವುದು ಬೇಡವೇ ಬೇಡ. ಇಬ್ಬರೂ ತಮ್ಮ ಕಾಲಿನ ಮೇಲೆ ಇರಲಿ. ಒಬ್ಬರು ದಾರದ ಕೋಲಿನಿಂದ ಮರಿಯನ್ನು ಆಡಿಸಿ ಸುಸ್ತು ಮಾಡಲಿ, ಇನ್ನೊಬ್ಬರು ಹಳೆಯದಕ್ಕೆ ತಿಂಡಿ ಕೊಡಲಿ. ಐದು ನಿಮಿಷ, ಚೆನ್ನಾಗಿ ನಡೆಯುತ್ತಿರುವಾಗಲೇ ಮುಗಿಸಿ. ನಾಳೆ ಏಳು, ಆಮೇಲೆ ಹತ್ತು. ಕ್ಯಾಟ್‌ನಿಪ್ ಆಗಲಿ, ನಮ್ಮ ಹಿತ್ತಲಿನ ಕುಪ್ಪಿ ಗಿಡದ ಬೇರಾಗಲಿ ಈ ಹೊತ್ತಿನಲ್ಲಿ ಬೇಡ, ಅದಕ್ಕೆ ಕೆಲವು ಬೆಕ್ಕು ಅಮಲೇರಿ ಕೈಕಾಲು ಬೀಸುತ್ತವೆ.

ಮರಿಯ ತಲೆಗೆ ಹಳೆ ಬೆಕ್ಕು ಉಗುರಿಲ್ಲದೆ ಒಂದು ಏಟು ಕೊಟ್ಟರೆ ಮಧ್ಯೆ ಹೋಗಬೇಡಿ. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುವ ಪಾಠ ಅದು. ಆಟಕ್ಕೂ ಜಗಳಕ್ಕೂ ವ್ಯತ್ಯಾಸ ಸರಳ: ಆಟದಲ್ಲಿ ಸರದಿ ಇರುತ್ತದೆ, ಒಮ್ಮೆ ಇವನು ಮೇಲೆ, ಒಮ್ಮೆ ಅವಳು, ನಡುವೆ ನಿಲ್ಲಿಸಿ ಉಸಿರು ಬಿಡುತ್ತಾರೆ, ಸದ್ದು ಕಡಿಮೆ. ಜಗಳದಲ್ಲಿ ಯಾವಾಗಲೂ ಒಬ್ಬರೇ ಓಡುತ್ತಾರೆ, ಕಿರುಚಾಟ, ಕೂದಲು ಹಾರುತ್ತದೆ.

ನಿಜವಾದ ಜಗಳ ಬಿದ್ದರೆ ಕೈ ಹಾಕಬೇಡಿ. ನಡುವೆ ರಟ್ಟು ತಳ್ಳಿ, ದಪ್ಪ ಹೊದಿಕೆ ಎಸೆಯಿರಿ, ಒಮ್ಮೆ ಚಪ್ಪಾಳೆ ತಟ್ಟಿ. ಬೇರೆ ಮಾಡಿದ ಮೇಲೆ ಕೆರಳಿದ ಬೆಕ್ಕನ್ನು ಸಮಾಧಾನ ಮಾಡಲು ಎತ್ತಿಕೊಂಡರೆ ಅದರ ಸಿಟ್ಟೆಲ್ಲ ನಿಮ್ಮ ಮೇಲೆ. ಕತ್ತಲ ಕೋಣೆಯಲ್ಲಿ ಕೆಲವು ಗಂಟೆ ಒಂಟಿಯಾಗಿ ಬಿಡಿ, ಒಮ್ಮೊಮ್ಮೆ ಒಂದು ದಿನವೇ ಬೇಕಾಗುತ್ತದೆ. ಕಚ್ಚಿದ ಅಥವಾ ಪರಚಿದ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಅರಿಶಿನ ಹಚ್ಚಿ ಮಲಗಬೇಡಿ. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ, ಬೆಕ್ಕಿನ ಸೂಜಿ ಹಲ್ಲಿನ ಗಾಯ ಹೊರಗೆ ಚಿಕ್ಕದಾಗಿ ಕಂಡರೂ ಒಳಗೆ ಕೀವಾಗುವುದು ಜಾಸ್ತಿ. ಮೊದಲ ದಿನದ ಮೂರು ಗೆರೆಗೆ ನಾನೂ ಸರದಿಯಲ್ಲಿ ನಿಂತು ಇಂಜೆಕ್ಷನ್ ಹಾಕಿಸಿಕೊಂಡೆ.

ಹೆಜ್ಜೆ 7: ನೀವಿಲ್ಲದಾಗ

ಒಟ್ಟಿಗೆ ಬಿಟ್ಟ ಹೊತ್ತು ಎರಡು ಮೂರು ಗಂಟೆಗೆ ಮುಟ್ಟಿ, ಒಂದು ವಾರ ಗಲಾಟೆಯಿಲ್ಲದೆ ಕಳೆದ ಮೇಲೆ ಮಾತ್ರ ರಾತ್ರಿ ಬಾಗಿಲು ತೆರೆದಿಡಿ. ಅದಕ್ಕೂ ಮೊದಲು ಅಂಗಡಿಗೆ ಹೋಗುವಾಗಲೂ ಬೇರೆ ಮಾಡಿಯೇ ಹೋಗಿ.

ಲಿಟರ್ ಟ್ರೇ ಎರಡು ಬೆಕ್ಕಿಗೆ ಮೂರು. ಮೂರನ್ನೂ ಸಾಲಾಗಿ ಬಾತ್‌ರೂಮಿನಲ್ಲಿಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ, ಬೇರೆ ಬೇರೆ ಮೂಲೆಯಲ್ಲಿಡಿ. ಊಟದ ಜಾಗ ಎರಡು, ತಿನ್ನುವಾಗ ಒಬ್ಬರಿಗೊಬ್ಬರು ಕಾಣದ ಹಾಗಿದ್ದರೆ ಇನ್ನೂ ಒಳ್ಳೆಯದು. ಇದಕ್ಕೆ ಕಾರಣ ಇದೆ. ಬೆಕ್ಕಿನ ದಬ್ಬಾಳಿಕೆ ಸಿನಿಮಾ ಫೈಟ್ ಥರ ಇರುವುದಿಲ್ಲ. ಒಂದು ಬೆಕ್ಕು ಲಿಟರ್‌ಗೆ ಹೋಗುವ ದಾರಿಯಲ್ಲಿ ಸುಮ್ನೆ ಮಲಗಿರುತ್ತದೆ, ಅಷ್ಟೇ. ನೀವು "ಎಷ್ಟು ಸಾಧು" ಅಂದುಕೊಳ್ಳುತ್ತೀರಿ, ಇನ್ನೊಂದು ಬೆಕ್ಕು ಆ ದಾರಿ ದಾಟಲಾಗದೆ ಹಾಸಿಗೆಯ ಮೇಲೆ ಉಚ್ಚೆ ಹೊಯ್ಯುತ್ತದೆ, ಏಟು ಬೀಳುವುದು ಅದಕ್ಕೆ. ಹಾಸಿಗೆ ಒದ್ದೆಯಾದರೆ ಹೊಡೆಯಬೇಡಿ, ದಾರಿಯಲ್ಲಿ ಯಾರು ಮಲಗಿದ್ದಾರೆ ನೋಡಿ.

ಗಂಡು ಬೆಕ್ಕು ಪದೇ ಪದೇ ಟ್ರೇಗೆ ಹೋಗಿ, ತಿಣುಕಿ, ಹನಿಯೂ ಬರದೆ ಅಳುತ್ತಿದ್ದರೆ ಅದು ಮುನಿಸಲ್ಲ, ಮೂತ್ರ ಕಟ್ಟಿದೆ. ಮನೆಯ ಒತ್ತಡ ಇದನ್ನು ಕೆರಳಿಸಬಹುದು. ಬೆಳಿಗ್ಗೆವರೆಗೆ ಕಾಯುವ ಕಾಯಿಲೆಯಲ್ಲ, ಆಗಲೇ ಆಸ್ಪತ್ರೆಗೆ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ, ಅರ್ಧ ಮಾತ್ರೆಯೂ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಚಿಗಟದ ಔಷಧಿಯೂ ಹಾಗೇ.

ಎಲ್ಲ ಮಾಡಿಯೂ ತಿಂಗಳುಗಟ್ಟಲೆ ರಕ್ತ ಬರುವ ಜಗಳ ನಡೆಯುತ್ತಿದ್ದರೆ ವೆಟ್ ಹತ್ತಿರ ಆತಂಕ ಕಡಿಮೆ ಮಾಡುವ ಔಷಧಿಯ ಬಗ್ಗೆ ಕೇಳಿ. ಅದಕ್ಕೂ ಬಗ್ಗದಿದ್ದರೆ ಹೊಸ ಬೆಕ್ಕಿಗೆ ಒಳ್ಳೆಯ ಮನೆ ಹುಡುಕುವುದರಲ್ಲಿ ನಾಚಿಕೆಯಿಲ್ಲ. ಮತ್ತೆ ಬೀದಿಗೆ ಬಿಡುವುದು ಮಾತ್ರ ಬೇಡ. ಇಬ್ಬರೂ ತಬ್ಬಿ ಮಲಗಬೇಕು ಅಂತಲೂ ಇಲ್ಲ. ಒಂದೇ ಹಾಲ್‌ನಲ್ಲಿ ಎರಡು ಮೂಲೆಯಲ್ಲಿ ಎರಡು ಬೆಕ್ಕು ನಿದ್ದೆ ಮಾಡುತ್ತಿದ್ದರೆ ಬೆಕ್ಕಿನ ಲೋಕದಲ್ಲಿ ಅದು ಒಳ್ಳೆಯ ಸಂಸಾರ.

ಒಂದು ಹಿನ್ನಡೆ, ಬಂದೇ ಬರುತ್ತದೆ

ಎಲ್ಲ ಸರಿಹೋಯಿತು ಅಂದುಕೊಂಡ ಮೇಲೆ ಒಬ್ಬರು ಆಸ್ಪತ್ರೆಗೆ ಹೋಗಿ ಬರುತ್ತಾರೆ. ಮೈಯಲ್ಲಿ ಸ್ಪಿರಿಟ್, ಬೇರೆ ಪ್ರಾಣಿ, ಅರಿವಳಿಕೆ ಔಷಧಿಯ ವಾಸನೆ. ಮನೆಯಲ್ಲಿದ್ದವರಿಗೆ ಗುರುತೇ ಸಿಗುವುದಿಲ್ಲ. ಬೆಲ್ಲ (ಕೆಂಚು ಮರಿಗೆ ಆ ಹೆಸರೇ ನಿಂತಿತು) ಐದೂವರೆ ತಿಂಗಳಿಗೆ ಆಪರೇಷನ್ ಮಾಡಿಸಿಕೊಂಡು ಬಂದ ಸಂಜೆ, ಅವನ ಬೆನ್ನು ನೆಕ್ಕಿ ಮಲಗಿಸುತ್ತಿದ್ದ ಸುಬ್ಬಿಯೇ ಬೆನ್ನು ಬಿಲ್ಲು ಮಾಡಿ ಬುಸ್ ಅಂದಳು. ಹೊಸದಾಗಿ ಐದು ವಾರ ಬೇಕಿಲ್ಲ. ಬಂದವನನ್ನು ಮತ್ತೆ ಅದೇ ಕೋಣೆಯಲ್ಲಿ, ಅವನ ಹಳೆ ಹಾಸಿಗೆಯ ಮೇಲೆ ಒಂದು ರಾತ್ರಿ ಬಿಡಿ, ಮನೆಯ ವಾಸನೆ ಮೈಗೆ ಮರಳಲಿ, ಬೆಳಿಗ್ಗೆ ಜಾಲರಿಯ ಆಚೆ ಈಚೆ ಒಂದು ಊಟ ಕೊಟ್ಟು ನೋಡಿ. ನಾನು ಬೆಳಿಗ್ಗೆ ಆರಕ್ಕೆ ಎದ್ದು ಬಟ್ಟಲು ಹಿಡಿದು ಹೋದಾಗ ಸುಬ್ಬಿ ಆಗಲೇ ಜಾಲರಿಗೆ ಒರಗಿ ಮಲಗಿದ್ದಳು, ಬೆಲ್ಲ ಒಳಗಿನಿಂದ ಅವಳ ಬಾಲ ಹಿಡಿಯಲು ನೋಡುತ್ತಿದ್ದ.